ಸೌಂಡ್ ಬಂದ್ ಮಾಡಿಸಿ ಸಾಹೇಬ್ರೇ, ಹುಡುಗರನ್ನು ಬೆಳಗಿನ ತನಕ ಕೂರಿಸಬೇಡಿ

ಗಣಪತಿ ಹಬ್ಬ ಬಂತೆಂದರೆ ನಮ್ಮಂಥ ತಾಲೂಕು ವರದಿಗಾರರ ಫೋನಿಗೆ ಎರಡು ಬಗೆಯ ಕರೆ ಬರುತ್ತವೆ. ಮೊದಲನೆಯದು ರಾತ್ರಿ ಹನ್ನೆರಡರ ಸುಮಾರಿಗೆ. "ಸರ್, ಇನ್ನೂ ಡಿಜೆ ಹಚ್ಯಾರ. ಮನ್ಯಾಗ ಅಪ್ಪಗ ಹಾರ್ಟ್ ಆಪರೇಷನ್ ಆಗೇತಿ. ಠಾಣೆಗೆ ಫೋನ್ ಮಾಡಿದ್ರ ನೋಡ್ತೀವಿ ಅಂತಾರ, ಯಾರೂ ಬರವಲ್ರು." ಎರಡನೆಯದು ಮರುದಿನ ಬೆಳಿಗ್ಗೆ ಆರಕ್ಕೆ. "ಅಣ್ಣಾ, ರಾತ್ರಿ ನಮ್ಮ ಹುಡುಗನ್ನ ಪೊಲೀಸ್ರು ಎತ್ತಿಕೊಂಡು ಹೋಗ್ಯಾರ. ಬರೀ ಹಾಡು ಹಚ್ಚಿದ್ದಕ್ಕ. ಹಂಗ ಒಯ್ಯಾಕ ಬರ್ತದೇನು?"

ಮೊದಲನೆಯವರು ಕೇಳುವುದು ಪೊಲೀಸರು ಯಾಕೆ ಬರಲಿಲ್ಲ ಅಂತ. ಎರಡನೆಯವರು ಕೇಳುವುದು ಬಂದವರು ಯಾಕೆ ಒಯ್ದರು ಅಂತ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಹತ್ತು ಹಬ್ಬ, ಹತ್ತು ಜಾತ್ರೆ ನೋಡಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಸದ್ದಿನ ವಿಷಯದಲ್ಲಿ ಕಾನೂನು ಪೊಲೀಸರಿಗೆ ಸುಲಭವಾಗಿ ಕೊಟ್ಟಿರುವ ಕೆಲಸ ಸದ್ದು ನಿಲ್ಲಿಸುವುದು. ಅದನ್ನು ಅವರು ಮಾಡುವುದು ಅಪರೂಪ. ಕಾನೂನು ಅಷ್ಟು ಸುಲಭವಾಗಿ ಕೊಡದೇ ಇರುವ ಕೆಲಸ ಆಳು ಹಿಡಿದು ಒಯ್ಯುವುದು. ಅದು ಮಾತ್ರ ಆಗಾಗ ನಡೆಯುತ್ತದೆ, ಅದೂ ಬಡವರ ಮೇಲೆ, ಕೈಕೆಳಗಿನವರ ಮೇಲೆ.

ಮೊದಲು ಸಮಯದ ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಅದರ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬಯಲಲ್ಲಿ ಮೈಕು, ಸೌಂಡ್ ಬಾಕ್ಸ್ ಹಚ್ಚುವಂತಿಲ್ಲ. ಮುಚ್ಚಿದ ಸಭಾಂಗಣದೊಳಗೆ ಒಳಗಿನವರಿಗಷ್ಟೇ ಕೇಳುವಂತೆ ಹಚ್ಚಬಹುದು, ಸಾರ್ವಜನಿಕ ತುರ್ತು ಬಂದರೆ ಹಚ್ಚಬಹುದು. ಹಗಲಿನಲ್ಲಿ ಹಚ್ಚಲಿಕ್ಕೂ ಲಿಖಿತ ಅನುಮತಿ ಬೇಕು. ಹಬ್ಬ ಹರಿದಿನಕ್ಕೆಂದು ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ಆ ದಿನಗಳು ಯಾವುವು ಅಂತ ಹೇಳಬೇಕಾದ್ದು ರಾಜ್ಯ ಸರ್ಕಾರ. ಊರ ಕಮಿಟಿಗೆ ಆ ಅಧಿಕಾರ ಇಲ್ಲ, ಠಾಣೆಯ ಪಿಎಸ್‌ಐಗೂ ಇಲ್ಲ. 12 ದಾಟಿದ ಮೇಲೆ ಬಯಲಲ್ಲಿ ಬಾಕ್ಸ್ ಹಚ್ಚಲಿಕ್ಕೆ ಅನುಮತಿ ಕೊಡುವ ಅಧಿಕಾರ ಈ ನಿಯಮದಲ್ಲಿ ಯಾರಿಗೂ ಇಲ್ಲ. "ಶಾಸಕರು ಹೇಳ್ಯಾರ, ಎರಡರ ತನಕ ನಡೀಲಿ" ಅನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

ನಮ್ಮ ರಾಜ್ಯದಲ್ಲಿ 2022ರ ಮೇ ತಿಂಗಳಲ್ಲಿ ಸರ್ಕಾರ ಇದೇ ನಿಯಮವನ್ನು ಜಾರಿ ಮಾಡಬೇಕೆಂದು ಆದೇಶ ಹೊರಡಿಸಿತು. ಆಗ ಆಜಾನ್, ಭಜನೆ ಅಂತ ಜಗಳ ಕಾವೇರಿತ್ತು. ಕಮಿಷನರೇಟ್ ಇಲ್ಲದ ಜಿಲ್ಲೆಗಳಲ್ಲಿ ಡಿವೈಎಸ್‌ಪಿ, ತಹಶೀಲ್ದಾರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಒಬ್ಬರು ಸೇರಿದ ಸಮಿತಿ ಇದನ್ನು ನೋಡಿಕೊಳ್ಳಬೇಕೆಂದು ಹೇಳಿತು. ಜಗಳ ತಣ್ಣಗಾಯಿತು, ಸಮಿತಿಯ ಹೆಸರು ಹಳ್ಳಿಯವರ ಕಿವಿಗೆ ಬೀಳಲೇ ಇಲ್ಲ. ನಿಮ್ಮ ತಾಲೂಕಿನಲ್ಲಿ ಅದು ಕೊನೆಯ ಸಲ ಯಾವಾಗ ಸೇರಿತ್ತು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ನೋಡಿ. ನಮ್ಮ ಓದುಗರಲ್ಲಿ ಯಾರಾದರೂ ಹಾಕಿದರೆ ಬಂದ ಉತ್ತರವನ್ನು ಇಲ್ಲೇ ಹಾಕುತ್ತೇವೆ.

ಇನ್ನೊಂದು ನೆಪ ಇದೆ. "ನಮ್ಮ ಹತ್ತಿರ ಡೆಸಿಬಲ್ ಮೀಟರ್ ಇಲ್ರೀ, ಎಷ್ಟು ಸೌಂಡ್ ಅಂತ ಹೆಂಗ ಹೇಳೋದು?" ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅನ್ನುವ ಮಿತಿ ಇರುವುದು ನಿಜ. ಅದನ್ನು ಅಳೆಯಲು ಯಂತ್ರ ಬೇಕಾಗುವುದೂ ನಿಜ. ಆದರೆ ರಾತ್ರಿ ಹತ್ತರ ಮೇಲೆ ಬಯಲಲ್ಲಿ ಬಾಕ್ಸ್ ಹಚ್ಚಿದ್ದೇ ಉಲ್ಲಂಘನೆ. ಮಿತಿ ಮೀರಿದರೆ ದೂರು ಕೊಡಬಹುದು, ರಾತ್ರಿಯ ನಿರ್ಬಂಧ ಮುರಿದರೂ ದೂರು ಕೊಡಬಹುದು ಅಂತ ನಿಯಮ ಎರಡನ್ನೂ ಬೇರೆ ಬೇರೆ ಹೇಳಿದೆ. ಎರಡನೆಯದಕ್ಕೆ ಕೈಗಡಿಯಾರ ಸಾಕು.

ಸುಪ್ರೀಂ ಕೋರ್ಟ್ ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡಿಲ್ಲ. 2005ರ ಜುಲೈ 18ರ ತೀರ್ಪಿನ ಹಿಂದೆ ಒಂದು ಸಾವಿದೆ. ದೆಹಲಿಯಲ್ಲಿ 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಆಯಿತು. ಪಕ್ಕದಲ್ಲಿ ಲೌಡ್‌ಸ್ಪೀಕರ್ ಅಬ್ಬರಿಸುತ್ತಿತ್ತು, ಅವಳು ಕೂಗಿದ್ದು ಯಾರಿಗೂ ಕೇಳಲಿಲ್ಲ. ಅದೇ ದಿನ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ಸತ್ತಳು. 1998ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದ ಈ ಸುದ್ದಿ ಓದಿದ ಒಬ್ಬ ಎಂಜಿನಿಯರ್ ನೇರ ಸುಪ್ರೀಂ ಕೋರ್ಟಿಗೆ ಹೋದರು. ಮಾತಾಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಆದರೆ ಮನಸ್ಸಿಲ್ಲದವರ ಕಿವಿಗೂ ಬೀಳುವಂತೆ ಸದ್ದು ದೊಡ್ಡದು ಮಾಡುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ಆ ತೀರ್ಪಿನ ತಿರುಳು. ಮಿತಿ ಮೀರಿದ ಲೌಡ್‌ಸ್ಪೀಕರ್, ಆಂಪ್ಲಿಫೈಯರ್‌ಗಳನ್ನು ಜಪ್ತಿ ಮಾಡಲು ರಾಜ್ಯಗಳು ವ್ಯವಸ್ಥೆ ಮಾಡಬೇಕು ಅಂತಲೂ ಅದು ಹೇಳಿದೆ. ದೇವರ ಹೆಸರಿಗೂ ರಿಯಾಯಿತಿ ಇಲ್ಲ. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಎಂದು ಇದೇ ಕೋರ್ಟ್ 2000ದಲ್ಲಿ, ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ, ಹೇಳಿತ್ತು.

ಹಾಗಾದರೆ ಸದ್ದು ನಿಲ್ಲಿಸಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಜಾತ್ರೆ ಸೀಸನ್ನೂ ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ಒಟ್ಟಿಗೇ ಬರುವ ನಾಡು ನಮ್ಮದು. ಕಿವಿಗೆ ಹತ್ತಿ ಇಟ್ಟುಕೊಂಡು ಗಣಿತ ಮಾಡುವ ಮಕ್ಕಳು ಯಾವ ಠಾಣೆಗೂ ಫೋನ್ ಮಾಡುವುದಿಲ್ಲ. ಬಾಣಂತಿ, ಹಸುಗೂಸು, ಹಾಸಿಗೆ ಹಿಡಿದ ಮುದುಕರು ಕೂಡ ಮಾಡುವುದಿಲ್ಲ.

ಈಗ ಬಂಧನದ ಪ್ರಶ್ನೆಗೆ ಬರೋಣ. "ಶಬ್ದ ಮಾಲಿನ್ಯ ಮಾಡಿದರೆ 5 ವರ್ಷ ಜೈಲು, 1 ಲಕ್ಷ ದಂಡ" ಅನ್ನುವ ಮೆಸೇಜ್ ಪ್ರತಿ ಹಬ್ಬಕ್ಕೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದು ಹಳೇ ಮಾತು. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಆ ಶಿಕ್ಷೆ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ಬದಲಾಯಿಸಿತು. 2024ರ ಏಪ್ರಿಲ್ 1ರಿಂದ ಆ ಜೈಲು ಶಿಕ್ಷೆಯ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ದಂಡ ಎಷ್ಟು ಅಂತ ತೀರ್ಮಾನಿಸುವುದು ಅದಕ್ಕೆಂದೇ ನೇಮಿಸಿದ ಅಧಿಕಾರಿ, ಠಾಣೆಯಲ್ಲ. ಅಂದರೆ ಶಬ್ದ ನಿಯಮ ಮುರಿದ ಅಂತ ಹೇಳಿ ಆ ಕಾಯ್ದೆಯಲ್ಲಿ ಈಗ ಒಬ್ಬನನ್ನು ಜೀಪಿಗೆ ಹತ್ತಿಸಲು ಬರುವುದಿಲ್ಲ.

ಇನ್ನು ಉಳಿದದ್ದು ಭಾರತೀಯ ನ್ಯಾಯ ಸಂಹಿತೆ. ಐಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಕಾನೂನು ಇದು. ಸಾರ್ವಜನಿಕರಿಗೆ ತೊಂದರೆ ಕೊಟ್ಟದ್ದಕ್ಕೆ ಅದರ 292ನೇ ಕಲಂ ಇದೆ. ಶಿಕ್ಷೆ ಎಷ್ಟು? ಹೆಚ್ಚೆಂದರೆ 1000 ರೂಪಾಯಿ ದಂಡ. ಜೈಲೇ ಇಲ್ಲ. ಇದು ಅಸಂಜ್ಞೇಯ ಅಪರಾಧ. ಹಾಗೆಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸುವಂತಿಲ್ಲ, ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆ ಕೂಡ ಮಾಡುವಂತಿಲ್ಲ. ದೂರು ಬಂದರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ದೂರುದಾರರಿಗೆ ಕೋರ್ಟಿನ ದಾರಿ ಹೇಳಬೇಕು. ಎನ್‌ಸಿಆರ್ ಅನ್ನುವುದು ಇದಕ್ಕೇ. ಒಬ್ಬ ಹುಡುಗನನ್ನು ರಾತ್ರಿ ಒಂದಕ್ಕೆ ಒಯ್ದು ಬೆಳಗಿನ ತನಕ ಬೆಂಚಿನ ಮೇಲೆ ಕೂರಿಸಿದರೆ, ಕಾನೂನು 1000 ರೂಪಾಯಿ ಸಾಕು ಅಂದ ತಪ್ಪಿಗೆ ಒಂದು ರಾತ್ರಿಯ ಸೆರೆವಾಸ ಕೊಟ್ಟಂತೆ.

"ಅರೆಸ್ಟ್ ಮಾಡಿಲ್ಲ, ಸುಮ್ಮನೆ ಕೂರಿಸಿದ್ದೇವೆ" ಅನ್ನುವುದು ಠಾಣೆಯ ಮಾಮೂಲಿ ಉತ್ತರ. ಎದ್ದು ಮನೆಗೆ ಹೋಗುತ್ತೇನೆ ಅಂದರೆ ಬಿಡುತ್ತೀರಾ? ಬಿಡದಿದ್ದರೆ ಅದು ಬಂಧನವೇ. ದಾಖಲೆಯಲ್ಲಿ ಬರೆಯಲಿಲ್ಲ ಅನ್ನುವ ಕಾರಣಕ್ಕೆ ಅದು ಸಣ್ಣದಾಗುವುದಿಲ್ಲ, ಇನ್ನೂ ಕೆಟ್ಟದಾಗುತ್ತದೆ. ಬರೆದಿದ್ದರೆ ಕನಿಷ್ಠ ಹೊತ್ತು, ಕಾರಣ, ಸಾಕ್ಷಿ ಇರುತ್ತಿದ್ದವು.

ಹಾಗೆಂದು ಪೊಲೀಸರಿಗೆ ಬಂಧಿಸುವ ಅಧಿಕಾರವೇ ಇಲ್ಲ ಅಂತ ತಿಳಿದು ಎದೆಯುಬ್ಬಿಸಿ ನಿಲ್ಲಬೇಡಿ. ಇದೆ. ನಾಲ್ಕೈದು ದಾರಿಗಳಿವೆ, ಹಳ್ಳಿಯ ಹುಡುಗರು ಸಿಕ್ಕಿಬೀಳುವುದು ಅಲ್ಲೇ.

ಒಂದು, ಅಧಿಕಾರ ಇರುವ ಅಧಿಕಾರಿ ನಿಲ್ಲಿಸಿ ಅಂತ ಆದೇಶ ಕೊಟ್ಟ ಮೇಲೂ ಮುಂದುವರಿಸಿದರೆ ಕತೆ ಬದಲಾಗುತ್ತದೆ. ಶಬ್ದ ನಿಯಮದ ಪ್ರಕಾರ ಸದ್ದು ನಿಲ್ಲಿಸಲು ಆದೇಶ ಕೊಡುವ ಅಧಿಕಾರ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಇಲ್ಲ. ಅಂಥ ಆದೇಶ ಬಂದ ಮೇಲೂ ಡಿಜೆ ಓಡಿದರೆ ನ್ಯಾಯ ಸಂಹಿತೆಯ 293ನೇ ಕಲಂ ಬರುತ್ತದೆ. 6 ತಿಂಗಳವರೆಗೆ ಸಾದಾ ಸಜೆ ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಸಂಜ್ಞೇಯ, ಅಂದರೆ ವಾರಂಟ್ ಬೇಕಿಲ್ಲ. ಆದರೆ ಜಾಮೀನು ಸಿಗುವ ಅಪರಾಧ, ಜಾಮೀನು ಠಾಣೆಯಲ್ಲೇ ಕೊಡಬೇಕು. ವಾರಂಟ್ ಬೇಕಿಲ್ಲ ಅಂದ ಮಾತ್ರಕ್ಕೆ ಹಿಡಿಯಲೇಬೇಕು ಅಂತಲೂ ಇಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಅಗತ್ಯ ಅಂತ ಪೊಲೀಸರು ಕಾರಣ ಬರೆಯಬೇಕು. ಅಗತ್ಯ ಇಲ್ಲದಿದ್ದರೆ ನೋಟಿಸ್ ಕೊಟ್ಟು ಇಂಥ ದಿನ ಬಾ ಅನ್ನಬೇಕು. 2014ರಲ್ಲಿ ಬಿಹಾರದ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ. ಆ ನೋಟಿಸ್ ವಾಟ್ಸಾಪಿನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತಲೂ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿ 60 ದಾಟಿದವರಾದರೆ ಅಥವಾ ಅಶಕ್ತರಾದರೆ ಇಂಥ ಸಣ್ಣ ಕೇಸಿನಲ್ಲಿ ಡಿವೈಎಸ್‌ಪಿ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ತೀರ ವಿಶೇಷ ಸಂದರ್ಭವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು ಬರಬೇಕು.

ಇನ್ನೊಂದು ದಾರಿ ಹೆಸರಿನದು. ಪೊಲೀಸರ ಕಣ್ಣೆದುರೇ ಸಣ್ಣ ತಪ್ಪು ನಡೆದು, ಹೆಸರು ವಿಳಾಸ ಕೇಳಿದಾಗ ಹೇಳದಿದ್ದರೆ ಅಥವಾ ಸುಳ್ಳು ಹೇಳಿದರೆ, ಅದನ್ನು ತಿಳಿಯುವ ಸಲುವಾಗಿ ಬಂಧಿಸಬಹುದು. "ನಾ ಯಾರಂತ ಗೊತ್ತೇನು?" ಅಂತ ಕೇಳುವ ಹುಡುಗರು ಇದನ್ನು ನೆನಪಿಡಬೇಕು. ನೆಟ್ಟಗೆ ಹೆಸರು, ಅಪ್ಪನ ಹೆಸರು, ಊರು ಹೇಳಿಬಿಟ್ಟರೆ ಆ ದಾರಿ ಮುಚ್ಚಿತು.

ಜಗಳ ಆಗುವ ಲಕ್ಷಣ ಇದ್ದರೆ ಮುಂಜಾಗ್ರತೆ ಅಂತ 170ನೇ ಕಲಂ ಹಚ್ಚುತ್ತಾರೆ. ಹಳೇ 151. ಸಂಜ್ಞೇಯ ಅಪರಾಧ ಮಾಡುವ ಯೋಜನೆ ಇದೆ, ಬಂಧಿಸದೆ ತಡೆಯಲು ಬೇರೆ ಉಪಾಯ ಇಲ್ಲ ಅನ್ನುವಾಗ ಮಾತ್ರ ಅದು. ಎರಡು ಓಣಿಯವರು ಬಡಿಗೆ ಹಿಡಿದು ನಿಂತಾಗ ಸರಿ. ಬರ್ತ್‌ಡೇ ಪಾರ್ಟಿಯಲ್ಲಿ ಹಾಡು ಹಚ್ಚಿದವನಿಗೆ ಅದು ಅನ್ವಯಿಸುವುದು ಹೇಗೆ ಅಂತ ನಮಗಂತೂ ಅರ್ಥವಾಗಿಲ್ಲ.

ನಮಗೆ ನಿಜವಾಗಿ ಭಯ ಇರುವುದು 172ನೇ ಕಲಂ ಬಗ್ಗೆ. ಹಳೇ ಸಿಆರ್‌ಪಿಸಿಯಲ್ಲಿ ಇದು ಇರಲಿಲ್ಲ. ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸರು ಕೊಡುವ ಕಾನೂನುಬದ್ಧ ಸೂಚನೆಯನ್ನು ಎಲ್ಲರೂ ಪಾಲಿಸಬೇಕು. ಪಾಲಿಸದವನನ್ನು ಅಲ್ಲಿಂದ ಸರಿಸಬಹುದು ಅಥವಾ ತಡೆದಿಡಬಹುದು. ಮ್ಯಾಜಿಸ್ಟ್ರೇಟ್ ಮುಂದೆ ಒಯ್ಯಬೇಕು, ಸಣ್ಣ ವಿಷಯವಾದರೆ 24 ಗಂಟೆಯೊಳಗೆ ಆದಷ್ಟು ಬೇಗ ಬಿಡಬೇಕು. ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ರಾತ್ರಿ ಒಂದು ಗಂಟೆಗೆ ಬೀಟಿನವರು ಬಾಯಿಮಾತಲ್ಲಿ ಏನು ಸೂಚನೆ ಕೊಟ್ಟರು, ಹುಡುಗ ಅದನ್ನು ಕೇಳಲಿಲ್ಲವೋ, ಡಿಜೆ ಸದ್ದಿನಲ್ಲಿ ಅವನಿಗೆ ಕೇಳಿಸಲೇ ಇಲ್ಲವೋ, ಬರೆದಿಟ್ಟವರು ಯಾರು? "ಆದಷ್ಟು ಬೇಗ" ಅನ್ನುವುದು ನಮ್ಮ ಠಾಣೆಗಳಲ್ಲಿ ಬೆಳಿಗ್ಗೆ ಸಾಹೇಬರು ಬಂದ ಮೇಲೆ ಅಂತಲೇ ಅರ್ಥ. ಈ ಕಲಂ ಬಳಸಿದಾಗಲೆಲ್ಲ ಕೊಟ್ಟ ಸೂಚನೆ, ಹೊತ್ತು, ಬಿಟ್ಟ ಹೊತ್ತು ಇವಿಷ್ಟನ್ನು ಠಾಣಾ ಡೈರಿಯಲ್ಲಿ ಬರೆಯಬೇಕು ಅಂತ ಎಸ್‌ಪಿಗಳು ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಹುಡುಗರಿಗೆ ನಾವು ಕೈಮುಗಿದು ಹೇಳುವುದು ಬೇರೆ ಇದೆ. ಸದ್ದಿನ ಕೇಸು ಸಣ್ಣದು, ತಳ್ಳಾಟದ ಕೇಸು ದೊಡ್ಡದು. ಬಾಕ್ಸಿನ ವೈರ್ ಕೀಳಲು ಬಂದ ಕಾನ್‌ಸ್ಟೇಬಲ್ ಕೈ ಹಿಡಿದೆಳೆದರೆ, ಎದೆಗೆ ಕೈ ಹಚ್ಚಿದರೆ, ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಲ್ಲೆ ಅಂತ 132ನೇ ಕಲಂ ಬೀಳುತ್ತದೆ. 2 ವರ್ಷದವರೆಗೆ ಸಜೆ, ಠಾಣೆಯಲ್ಲಿ ಜಾಮೀನಿಲ್ಲ. ನಾವು ಬರೆದ "ಡಿಜೆ ಗಲಾಟೆ" ಸುದ್ದಿಗಳಲ್ಲಿ ಹುಡುಗರು ಜೈಲಿಗೆ ಹೋದದ್ದು ಬಹುಪಾಲು ಹೀಗೆ. ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವವನು, ಅಗ್ನಿವೀರ್‌ಗೆ ಬೆಳಗಾಗೆದ್ದು ಓಡುವವನು ಇದೇ ಗುಂಪಿನಲ್ಲಿ ಇರುತ್ತಾನೆ. ನೌಕರಿಯ ಪೊಲೀಸ್ ವೆರಿಫಿಕೇಷನ್ ಫಾರಂ ತುಂಬುವ ದಿನ ಆ ಒಂದು ರಾತ್ರಿ ಎದುರಿಗೆ ಬಂದು ಕೂರುತ್ತದೆ. ಹಾಡು ಬಂದಾದರೆ ಆಗಲಿ. ಪೊಲೀಸರದ್ದು ತಪ್ಪಿದ್ದರೆ ಬೆಳಿಗ್ಗೆ ಬರೆದುಕೊಡಿ.

ಒಯ್ದರೆ ಏನು ಕೇಳಬೇಕು ಅನ್ನುವುದನ್ನು ಮನೆಯವರು ತಿಳಿದಿರಲಿ. ಯಾವ ಕಲಂ, ಯಾವ ಕಾರಣ ಅಂತ ಹೇಳುವುದು ಪೊಲೀಸರ ಹೊಣೆ. ಮನೆಯವರಿಗೋ ಗೆಳೆಯರಿಗೋ ತಿಳಿಸುವುದೂ ಅವರದೇ ಹೊಣೆ. ಬಂಧನದ ಮೆಮೋ ಆಗಬೇಕು, ಅದಕ್ಕೆ ಮನೆಯವರು ಅಥವಾ ಊರಿನ ಗೌರವಸ್ಥರು ಒಬ್ಬರು ಸಾಕ್ಷಿ ಹಾಕಬೇಕು. ವಿಚಾರಣೆ ಹೊತ್ತಲ್ಲಿ ವಕೀಲರನ್ನು ಭೇಟಿಯಾಗಬಹುದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್. ಹೆಂಗಸರಿಗೆ, ಪರಿಶಿಷ್ಟರಿಗೆ, ಪೊಲೀಸ್ ಕಸ್ಟಡಿಯಲ್ಲಿ ಇರುವವರಿಗೆ ವಕೀಲರು ಪುಕ್ಕಟೆ. ಸ್ಥಳದಲ್ಲೇ ದಂಡ ಕಟ್ಟು ಅಂದರೆ ರಸೀದಿ ಕೇಳಿ. ರಸೀದಿ ಇಲ್ಲದ ದಂಡಕ್ಕೆ ಏನನ್ನುತ್ತಾರೆ ಅಂತ ನಿಮಗೆ ಗೊತ್ತು.

ಈಗ ನಮ್ಮ ಮುಖ್ಯ ತಕರಾರು. ಜೀಪು ಹತ್ತುವವರು ಯಾರು? ಡಿಜೆ ಗೊತ್ತು ಮಾಡಿದ್ದು ಕಮಿಟಿ ಅಧ್ಯಕ್ಷರು. ಅಡ್ವಾನ್ಸ್ ಕೊಟ್ಟವರು ಊರಿನ ಸಾಹುಕಾರರು. ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವರು ಮುಖಂಡರು. ಪೊಲೀಸರು ಬಂದಾಗ ಅವರೆಲ್ಲ ಊಟಕ್ಕೆ ಹೋಗಿರುತ್ತಾರೆ. ಸಿಗುವವನು ಮಿಕ್ಸರ್ ಹಿಂದೆ ನಿಂತ ಆಪರೇಟರ್ ಹುಡುಗ, ಜನರೇಟರ್ ಕಾಯುವವನು, ಟ್ರ್ಯಾಕ್ಟರ್ ಡ್ರೈವರ್. ಅವನು ದಿನಗೂಲಿಗೆ ಬಂದವನು. "ಹಚ್ಚೋ" ಅಂದರೆ ಹಚ್ಚಬೇಕು, "ಇನ್ನೊಂದು ಹಾಡು" ಅಂದರೆ ಇನ್ನೊಂದು. ನಿಲ್ಲಿಸಿದರೆ ಬಾಕಿ ದುಡ್ಡು ಬರುವುದಿಲ್ಲ, ನಿಲ್ಲಿಸದಿದ್ದರೆ ಠಾಣೆ. ಸಾಲ ಮಾಡಿ ತಂದ ಬಾಕ್ಸು ಜಪ್ತಿಯಾದರೆ ಕೋರ್ಟಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಮದುವೆ ಸೀಸನ್ನೇ ಮುಗಿದಿರುತ್ತದೆ. ಅನುಮತಿ ಅರ್ಜಿಗೆ ಸಹಿ ಹಾಕಿದವರು ಯಾರೋ ಅವರ ಮನೆಗೆ ನೋಟಿಸ್ ಹೋಗಲಿ. ಅರ್ಜಿಯೇ ಇಲ್ಲದಿದ್ದರೆ ಪಟ್ಟಿ ಎತ್ತಿದ ಪಾವತಿ ಪುಸ್ತಕದಲ್ಲಿ ಕಮಿಟಿಯವರ ಹೆಸರುಗಳು ಇರುತ್ತವೆ.

ಓಣಿ ಓಣಿಗೂ ಫರಕು ಇದೆ. ಹೇಳಲು ಮುಜುಗರ, ಆದರೂ ಹೇಳಬೇಕು. ದೊಡ್ಡ ಓಣಿಯ ಗಣಪತಿ ಬೆಳಗಿನ ಮೂರಕ್ಕೆ ಕೆರೆ ಮುಟ್ಟಿದರೂ ಪೊಲೀಸರು ಮೆರವಣಿಗೆಯ ಜೊತೆಗೇ ನಡೆಯುತ್ತಾರೆ, ಬಂದೋಬಸ್ತ್ ಅಂತ. ಏಪ್ರಿಲ್ 14ಕ್ಕೆ ಕೇರಿಯವರು ಬಾಬಾಸಾಹೇಬರ ಫೋಟೊ ಇಟ್ಟು ಹೊರಟರೆ ಹತ್ತೂಕಾಲಿಗೆ ಠಾಣೆಗೆ ಫೋನ್ ಹೋಗುತ್ತದೆ, ಹತ್ತೂವರೆಗೆ ಜೀಪು ಬರುತ್ತದೆ. ಹತ್ತೂವರೆಗೆ ಜೀಪು ಬಂದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಗಣಪತಿಗೂ ಉರುಸಿಗೂ ತೇರಿಗೂ ಮದುವೆಗೂ ಶಾಸಕರ ಹುಟ್ಟುಹಬ್ಬಕ್ಕೂ ಅದೇ ಹತ್ತೂವರೆಗೆ ಬರಲಿ. ಒಂದು ಓಣಿಗೆ ಬಂದೋಬಸ್ತ್, ಇನ್ನೊಂದಕ್ಕೆ ಲಾಠಿ ಅಂತಾದರೆ ಜನ ಅದನ್ನು ಕಾನೂನು ಅಂತ ನಂಬುವುದಿಲ್ಲ. ಮರುವರ್ಷ ಎರಡೂ ಓಣಿಯ ಬಾಕ್ಸು ದುಪ್ಪಟ್ಟಾಗುತ್ತವೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ದೂರು ಕೊಟ್ಟವರ ಪಾಡೂ ಸಣ್ಣದಲ್ಲ. ಪೇಟೆಯಲ್ಲಾದರೆ ಯಾರು ಫೋನ್ ಮಾಡಿದರು ಅಂತ ಗೊತ್ತಾಗುವುದಿಲ್ಲ. ಹಳ್ಳಿಯಲ್ಲಿ ಜೀಪು ಊರೊಳಗೆ ಬರುವ ಮೊದಲೇ ಹೆಸರು ಬಂದಿರುತ್ತದೆ. "ಇಂಥವರು ಕಂಪ್ಲೇಂಟ್ ಮಾಡ್ಯಾರಪ್ಪಾ, ಸ್ವಲ್ಪ ಕಮ್ಮಿ ಮಾಡ್ರಿ" ಅಂತ ಬೀಟಿನವರೇ ಹೇಳಿಬಿಡುತ್ತಾರೆ. ಮರುದಿನ ಆ ಮನೆಯವರಿಗೆ ಊರಲ್ಲಿ ಮಾತು ನಿಂತಿತು. ಹಾಲು ಹಾಕುವವರು ಬರಲಿಲ್ಲ, ಟ್ರ್ಯಾಕ್ಟರಿನವನು ಹೊಲಕ್ಕೆ ಬರಲು ಒಲ್ಲೆ ಅಂದ. ಮುಂಬೈಯ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ, ಶಬ್ದದ ದೂರು ಬಂದಾಗ ದೂರುದಾರರ ಗುರುತು ಕೇಳದೆ ಕ್ರಮ ತೆಗೆದುಕೊಳ್ಳಿ, ಮೊದಲು ಎಚ್ಚರಿಕೆ, ಆಮೇಲೆ ದಂಡ, ಆಮೇಲೆ ಜಪ್ತಿ ಅಂತ ಹಂತ ಹಂತವಾಗಿ ಹೋಗಿ ಎಂದು ಪೊಲೀಸರಿಗೆ ಹೇಳಿತು. ಅದು ಮಹಾರಾಷ್ಟ್ರದ ಕೋರ್ಟು, ನಮ್ಮ ಠಾಣೆಗಳಿಗೆ ಕಡ್ಡಾಯವಲ್ಲ. ಆದರೆ ಒಳ್ಳೆಯ ಪದ್ಧತಿ ಎರವಲು ತರಲು ಯಾರ ಅಪ್ಪಣೆಯೂ ಬೇಡ. ಆ ಹಂತಗಳಲ್ಲಿ ಆಳು ಹಿಡಿಯುವ ಮಾತು ಮೊದಲಿಗೆ ಬರುವುದಿಲ್ಲ ಅನ್ನುವುದನ್ನೂ ಗಮನಿಸಿ.

ದೂರು ಕೊಡುವವರು ಠಾಣೆಯ ಪರಿಚಯದ ಪೇದೆಗೆ ಫೋನ್ ಮಾಡುವ ಬದಲು 112ಕ್ಕೆ ಮಾಡಿ. ಆ ಕರೆ ದಾಖಲಾಗುತ್ತದೆ, ಎಷ್ಟು ಹೊತ್ತಿಗೆ ಮಾಡಿದಿರಿ ಅನ್ನುವುದು ಉಳಿಯುತ್ತದೆ. ಪದೇ ಪದೇ ತೊಂದರೆ ಕೊಡುವ ಕಲ್ಯಾಣ ಮಂಟಪ, ಡಾಬಾ ಇದ್ದರೆ ಡಿವೈಎಸ್‌ಪಿಗೆ ಬರೆದುಕೊಡಿ, ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇಂಥ ಕಾಯಂ ಉಪದ್ರವಕ್ಕೆ ತಹಶೀಲ್ದಾರರ ಮುಂದೆ ಅರ್ಜಿ ಹಾಕುವ ದಾರಿಯೂ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ನಾಲ್ಕು ಮನೆಯವರು ಕೂಡಿ ಸಹಿ ಹಾಕಿದರೆ ಒಬ್ಬರ ಮೇಲೆ ಹಗೆ ಬೀಳುವುದಿಲ್ಲ.

"ಹಂಗಾದ್ರ ನಮ್ಮ ದೊಡ್ಡಾಟ, ನಾಟಕ ಏನಾಗಬೇಕು?" ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಸುಲಭದ ಉತ್ತರ ನಮ್ಮಲ್ಲಿಲ್ಲ. 2005ರ ತೀರ್ಪು ರಾತ್ರಿ ಹತ್ತರ ಮೇಲೆ ಡೋಲು, ತಮಟೆಯನ್ನೂ ಬಿಟ್ಟಿಲ್ಲ. ಕರಾವಳಿಯಲ್ಲಿ ಯಕ್ಷಗಾನದವರು ಬೆಳಗಿನ ತನಕದ ಆಟವನ್ನು ಅನೇಕ ಕಡೆ ಕಾಲಮಿತಿಗೆ ತಂದರು, ಅದರ ಬಗ್ಗೆ ಅವರಲ್ಲೇ ಇನ್ನೂ ಚರ್ಚೆ ಇದೆ. ನಮ್ಮ ಕಡೆಯ ಆಟ ಸಂಜೆ ಆರಕ್ಕೆ ಶುರುವಾಗಲಿ ಅಂದರೆ ಹೊಲದಿಂದ ಬಂದು ಊಟ ಮಾಡಿ ಬರುವ ಜನಕ್ಕೆ ಆಗುವುದಿಲ್ಲ. ಹಬ್ಬಕ್ಕೆಂದು ಸರ್ಕಾರ ಗುರುತಿಸುವ ಆ 15 ದಿನಗಳಲ್ಲಿ ಊರ ಜಾತ್ರೆಯ ಆಟಕ್ಕೂ ಜಾಗ ಸಿಗಬೇಕು ಅಂತ ಕಲಾವಿದರು, ಗ್ರಾಮ ಪಂಚಾಯ್ತಿಗಳು ಜಿಲ್ಲಾಡಳಿತದ ಮೂಲಕ ಕೇಳುವುದು ಒಂದು ದಾರಿ. ಆದರೆ ದೊಡ್ಡಾಟದ ಹೆಸರು ಹೇಳಿ ಹದಿನಾರು ಬಾಕ್ಸಿನ ಡಿಜೆ ಹಚ್ಚುವವರನ್ನು ನಾವು ಒಪ್ಪುವುದಿಲ್ಲ. ಭಾಗವತರ ಕಂಠ ಗೋಡೆ ಬಿರುಕು ಬಿಡಿಸಿದ್ದನ್ನು ಯಾರೂ ಕಂಡಿಲ್ಲ.

ಹಬ್ಬಕ್ಕೆ ಮೊದಲು ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಊರಿನ ಮುಖಂಡರು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ, ನಾವು ಫೋಟೊ ತೆಗೆಯುತ್ತೇವೆ, "ಶಾಂತಿಯುತವಾಗಿ ಆಚರಿಸಿ" ಅಂತ ಮರುದಿನ ಸುದ್ದಿ ಬರುತ್ತದೆ. ಈ ಸಲ ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಕೇಳಬೇಕು. ಯಾವ ದಿನಗಳಿಗೆ 12ರ ತನಕ ಸಡಿಲಿಕೆ ಇದೆ, ಆದೇಶದ ಪ್ರತಿ ಪಂಚಾಯ್ತಿ ಬೋರ್ಡಿಗೆ ಅಂಟಿಸುತ್ತೀರಾ. ಹತ್ತರ ಮೇಲೆ ಸದ್ದು ನಿಲ್ಲಿಸಲು ಬರುವ ಅಧಿಕಾರಿ ಯಾರು, ಡಿವೈಎಸ್‌ಪಿ ಆದೇಶ ಬರಹದಲ್ಲಿ ಅವರ ಕೈಯಲ್ಲಿ ಇರುತ್ತದೆಯೇ. ಕಮಿಟಿಯಿಂದ ಹೊಣೆ ಹೊರುವವರ ಹೆಸರು ಯಾವುದು. ಫೋನ್ ಮಾಡಿದವರ ಹೆಸರು ಹೊರಗೆ ಬಿಡುವುದಿಲ್ಲ ಅಂತ ಮಾತು ಕೊಡುತ್ತೀರಾ. ಇಷ್ಟನ್ನು ಚಹಾ ಬರುವುದರೊಳಗೆ ಕೇಳಿಬಿಡಿ. ಚಹಾ ಬಂದ ಮೇಲೆ ಎಲ್ಲರೂ ಏಳುತ್ತಾರೆ.